ರೊಟ್ಟಿ ಕೇಂದ್ರಕ್ಕೆ ದುಡ್ಡು ತಂದದ್ದು ಹೀಗೆ

ಆಳಂದ ತಾಲ್ಲೂಕಿನ ನಮ್ಮ ಊರಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. ಸಂಘದ ಲೆಕ್ಕ ಬರೆಯುವವಳು ನಾನು. ಹಿಟ್ಟು ನಾದುವ ಯಂತ್ರ ಬೇಕಾದಾಗ ಮೊದಲು ನೆನಪಾಗಿದ್ದು ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದ ಮೇಲೆ 2013ರಲ್ಲಿ ಈ ಮಂಡಳಿ ಆದದ್ದು. ವರ್ಷಕ್ಕೆ 5,000 ಕೋಟಿ ಅಂತ ಪೇಪರಿನಲ್ಲಿ ಓದಿದ್ದೆವು. ಅದರಲ್ಲಿ ನಮಗೊಂದಿಷ್ಟು ಸಿಗುತ್ತದೆ ಅಲ್ವಾ ಅಂದುಕೊಂಡು ಅರ್ಜಿ ಹಿಡಿದು ಬಸ್ಸು ಹತ್ತಿದೆವು.

ಮಂಡಳಿಯ ದುಡ್ಡು ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದ ಕೆಲಸಗಳ ಪಟ್ಟಿಯಲ್ಲಿ, ಸೇರಿದ ಕೆಲಸಕ್ಕೆ ಹೋಗುತ್ತದೆ, ಅದನ್ನು ಮಾಡಿಸುವುದು ಇಲಾಖೆಗಳು ಅಂತ ಆಮೇಲೆ ತಿಳಿಯಿತು. ರಸ್ತೆ, ಶಾಲೆ ಕೋಣೆ, ಆಸ್ಪತ್ರೆ ಕಟ್ಟಡದಂಥವು. ಯಂತ್ರಕ್ಕೆ ಬೇರೆ ದಾರಿ ಹುಡುಕಬೇಕಿತ್ತು.

ಆ ದಾರಿ ಸಿಕ್ಕಿದ್ದು ಹಳ್ಳಿಯ ಹೆಣ್ಣುಮಕ್ಕಳ ಸಂಘಗಳಿಗಾಗಿ ಸರ್ಕಾರ ನಡೆಸುವ ಸಂಜೀವಿನಿಯಲ್ಲಿ. ಕಿರು ಆಹಾರ ಸಂಸ್ಕರಣಾ ಯೋಜನೆಯಡಿ (ಪಿಎಂಎಫ್‌ಎಂಇ) ನಮ್ಮಂಥ ಸಂಘಗಳ ಒಬ್ಬ ಸದಸ್ಯೆಗೆ ಗರಿಷ್ಠ 40,000 ರೂಪಾಯಿ ಬೀಜ ಬಂಡವಾಳ, ಅಂದರೆ ಕೆಲಸಕ್ಕೆ ಮೊದಲ ದುಡ್ಡು, ಉಂಟು. ಅದು ಸಂಘಗಳೆಲ್ಲ ಸೇರಿದ ಒಕ್ಕೂಟಕ್ಕೆ ಬರುತ್ತದೆ, ನಮಗೆ ಸಾಲವಾಗಿ ಸಿಗುತ್ತದೆ. ತಿರುಗಿ ಕಟ್ಟಬೇಕು. ಇದನ್ನು ಎಲ್ಲರಿಗೂ ಮೊದಲೇ ಬಿಡಿಸಿ ಹೇಳಿ. ಪುಕ್ಕಟೆ ಅಂದುಕೊಂಡವರು ಆಮೇಲೆ ಮುನಿಸಿಕೊಳ್ಳುತ್ತಾರೆ. ದೊಡ್ಡ ಘಟಕ ಹಾಕುವವರಿಗೆ ಇದೇ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜತೆ ಕೇಂದ್ರದ ನಿಯಮದಂತೆ ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ಸಬ್ಸಿಡಿ ಇದೆ. ಕೈಯಿಂದ ಶೇ 10 ಹಾಕಬೇಕು.

ನಮ್ಮನ್ನು ಕಾಡಿದ್ದು ಕಾಗದಪತ್ರ. ಅರ್ಜಿ ಹಾಕಿದ ಮೇಲೆ ನಮ್ಮ ಕೆಲಸ ನೋಡಲು ಬಂದವರು, 'ಅಕ್ಕಾ, ದಿನಾ ಎಷ್ಟು ರೊಟ್ಟಿ ಹೋಗ್ತಾವ್ರಿ?' ಅಂದರು. ನಾಲ್ಕೈದು ನೂರು ಅಂದೆ. 'ಬರ್ದಿದ್ದು ತೋರಿಸ್ರಿ' ಅಂದಾಗ ತೋರಿಸಲು ಏನೂ ಇರಲಿಲ್ಲ. ಅಂದೇ ಒಂದು ನೂರು ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದೆ. ಜೋಳ ಎಷ್ಟು ಕಿಲೋ, ಕಟ್ಟಿಗೆಗೆ ಎಷ್ಟು, ಯಾವ ಅಂಗಡಿಗೆ ಎಷ್ಟು ರೊಟ್ಟಿ, ಬಾಕಿ ಎಷ್ಟು. ಹಿಟ್ಟಿನ ಕೈಯಲ್ಲೇ ಬರೆದ ಪುಟಗಳು ಅವು. ಮೂರು ತಿಂಗಳ ಲೆಕ್ಕ ಕೂಡಿದ ಮೇಲೇ ನಮ್ಮ ಮಾತಿಗೆ ತೂಕ ಬಂತು.

ಹೆಸರಿನದ್ದೂ ಹಾಗೇ. ಒಬ್ಬಾಕೆಯ ಹೆಸರಿನ ಕೊನೆಗೆ ಆಧಾರ್‌ನಲ್ಲಿ 'ಅಮ್ಮ', ಪಾಸ್‌ಬುಕ್‌ನಲ್ಲಿ 'ಬಾಯಿ'. ತಿದ್ದಿಸಲು ಎರಡು ಸಲ ಓಡಾಡಿದೆವು. ಅರ್ಜಿ ಹಾಕುವ ಮೊದಲೇ ಎಲ್ಲರ ಆಧಾರ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಅರ್ಜಿ ತುಂಬಿಕೊಡುತ್ತೇನೆ ಅಂತ ಒಬ್ಬರು ದುಡ್ಡು ಕೇಳಿದರು. ಕೊಡಲಿಲ್ಲ. ಒಕ್ಕೂಟದವರೇ ಕೂತು ಬರೆಸಿದರು.

ಯಂತ್ರ ಬಂದಿದೆ, ಕಂತು ತಪ್ಪಿಲ್ಲ. ಈಗ ಶೆಡ್ ಬೇಕು. ಅದು ಕಟ್ಟಡದ ಕೆಲಸ, ಮಂಡಳಿಗೆ ಹೊಂದಬಹುದು ಅಂತ ನಮ್ಮ ಎಣಿಕೆ. ಹಾಗಾಗಿ ಈ ಸಲ ಸಂಘದ ಠರಾವು ಬರೆದು, ಕ್ರಿಯಾ ಯೋಜನೆ ಆಗುವ ಮೊದಲೇ ಪಂಚಾಯಿತಿಗೂ ಶಾಸಕರ ಕಚೇರಿಗೂ ಒಂದೊಂದು ಪ್ರತಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬಂದಿದ್ದೇವೆ.