ಲಡ್ಲೋ ನೋಡಲು ಹೊರಟವರಿಗೆ

ಇಂಗ್ಲೆಂಡಿನ ಪಶ್ಚಿಮದಂಚಿನಲ್ಲಿ, ವೇಲ್ಸ್ ಗಡಿಗೆ ಸಮೀಪದ ಶ್ರಾಪ್‌ಶೈರ್‌ನಲ್ಲಿರುವ ಲಡ್ಲೋ ಪಟ್ಟಣವನ್ನು ನೋಡಲು ಕಾರು ಬೇಕೇ ಬೇಕೆಂದೇನಿಲ್ಲ. ಲಂಡನ್ನಿನಿಂದ ಹೊರಟು ಕ್ರೂ ಅಥವಾ ನ್ಯೂಪೋರ್ಟ್‌ನಲ್ಲಿ ರೈಲು ಬದಲಿಸಿದರೆ ಊರಿನಲ್ಲೇ ಇಳಿಯಬಹುದು. ನಿಲ್ದಾಣದಿಂದ ಕೋಟೆಯ ಮುಂದಿನ ಚೌಕಕ್ಕೆ ನಡೆದೇ ಹೋಗಬಹುದು, ದಾರಿ ಮಾತ್ರ ಏರು. ಸೋಮವಾರ, ಬುಧವಾರ, ಶುಕ್ರವಾರ ಅಥವಾ ಶನಿವಾರವನ್ನು ಆರಿಸಿಕೊಂಡರೆ ಆ ಚೌಕದ ಸಂತೆಯೂ ಸಿಗುತ್ತದೆ.

11ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಕೋಟೆಯನ್ನು ಮೊದಲು ನೋಡಿ. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಇಲ್ಲಿಯೇ. ಅವನ ವಿಧವೆ ಕ್ಯಾಥರೀನ್ ಮುಂದೆ ಎಂಟನೆಯ ಹೆನ್ರಿಯ ಮೊದಲ ಪತ್ನಿಯಾದಳು.

ಸಂತ ಲಾರೆನ್ಸ್ ಚರ್ಚಿಗೆ ಹೋದವರು ಗೋಪುರ ಹತ್ತುವ ಆತುರದಲ್ಲಿ ಗಾಯಕರ ಪೀಠಗಳನ್ನು ಮರೆಯಬಾರದು. ಮಡಚುವ ಆಸನಗಳ ಅಡಿಯಲ್ಲಿ 15ನೆಯ ಶತಮಾನದ ಮರದ ಕೆತ್ತನೆಗಳಿವೆ: ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳನ್ನು ಸೈತಾನನ ದೂತನೊಬ್ಬ ಹೆಗಲ ಮೇಲೆ ಹೊತ್ತು ನರಕಕ್ಕೆ ಒಯ್ಯುತ್ತಿದ್ದಾನೆ, ಅವಳಾದರೋ ಪಾತ್ರೆಯನ್ನು ಇನ್ನೂ ಬಿಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕಿಂತ ಸೊಗಸಾದುದು ಇಲ್ಲ.

ಮಧ್ಯಾಹ್ನ ಉತ್ತರಕ್ಕೆ ಹೋಗುವ ರೈಲು ಹಿಡಿದು ಕ್ರೇವನ್ ಆರ್ಮ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಮೈಲಿ ನಡೆದರೆ ಸ್ಟೋಕ್‌ಸೇ ಕೋಟೆ. ಲಾರೆನ್ಸ್ ಎಂಬ ಉಣ್ಣೆಯ ವ್ಯಾಪಾರಿ ಕಟ್ಟಿಸಿದ, 1291ರಲ್ಲಿ ರಾಜನ ಅನುಮತಿ ಪಡೆದು ಭದ್ರಪಡಿಸಿದ ಈ ಮನೆಯ ಸಭಾಂಗಣದಲ್ಲಿ 13ನೆಯ ಶತಮಾನದ ಮರದ ಮೆಟ್ಟಿಲುಗಳು ಇಂದಿಗೂ ಉಳಿದಿವೆ. ಚಳಿಗಾಲದಲ್ಲಿ ತೆರೆದಿರುವ ದಿನಗಳು ಕಡಿಮೆಯಾದ್ದರಿಂದ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.