ಆಯ್ಕೆಗಳ ವಿವರಣೆ: ಅನುವಾದಕ್ಕೆ ಕೂರುವ ಮುನ್ನ

ಮಣಿಪಾಲದಲ್ಲಿ ನನ್ನ ಕೆಲಸ ತಂತ್ರಾಂಶಗಳ ಕೈಪಿಡಿ ಬರೆಯುವುದು; ರಾತ್ರಿ ಊಟವಾದ ಮೇಲಿನ ಹವ್ಯಾಸ ಮುಕ್ತ ತಂತ್ರಾಂಶಗಳ ಕನ್ನಡ ಅನುವಾದ. ಹೊಸದಾಗಿ ಕೈಹಾಕುವವರಿಗೆ ಹೇಳುವುದಿಷ್ಟೇ: ಪಿಒ ಕಡತವನ್ನು (ತಂತ್ರಾಂಶದ ಇಂಗ್ಲಿಷ್ ವಾಕ್ಯಗಳೂ ಅವುಗಳ ಅನುವಾದವೂ ಇರುವ ಕಡತ) ಮೊದಲ ಸಾಲಿನಿಂದ ಅನುವಾದಿಸುತ್ತಾ ಹೋಗಬೇಡಿ.

ಕಡತವನ್ನು ಪೋಎಡಿಟ್ ಎಂಬ ಅನುವಾದ ತಂತ್ರಾಂಶದಲ್ಲಿ ತೆರೆದು, ಮೂಲ ವಾಕ್ಯಗಳನ್ನು ಅಕಾರಾದಿಯಾಗಿ ಜೋಡಿಸಿ ಒಮ್ಮೆ ಓದಿ. ಒಂದೇ ಅರ್ಥವನ್ನು ತುಸು ಬೇರೆ ಮಾತಿನಲ್ಲಿ ಹೇಳುವ ಅವಳಿ ವಾಕ್ಯಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಬೇರೆ ಬೇರೆ ತಂತ್ರಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇನ್ನೂ ಸೊಗಸು. ಆಯ್ಕೆ ಎಂದರೆ ಆಜ್ಞೆಯ ಜೊತೆ ಟೈಪಿಸುವ ‘--help’ನಂಥ ಸೂಚನೆ. ಸಹಾಯ ತೋರಿಸುವ ಆಯ್ಕೆಯ ವಿವರಣೆ ಮೂಲಭೂತ ಆಜ್ಞೆಗಳ ಕಟ್ಟಾದ ಕೋರ್‌ಯುಟಿಲ್ಸ್‌ನಲ್ಲಿ ‘ಡಿಸ್‌ಪ್ಲೇ ದಿಸ್ ಹೆಲ್ಪ್’ ಎಂದಿದ್ದರೆ ಪಠ್ಯ ಹುಡುಕುವ ಗ್ರೆಪ್‌ನಲ್ಲಿ ‘ಹೆಲ್ಪ್ ಟೆಕ್ಸ್ಟ್’, ಕಡತಗಳನ್ನು ಒಂದೇ ಕಟ್ಟಾಗಿಸುವ ಟಾರ್‌ನಲ್ಲಿ ‘ಗಿವ್ ದಿಸ್ ಹೆಲ್ಪ್ ಲಿಸ್ಟ್’. ಆವೃತ್ತಿ ತಿಳಿಸುವ ಆಯ್ಕೆಗೆ ಇದೇ ಕ್ರಮದಲ್ಲಿ ಔಟ್‌ಪುಟ್, ಡಿಸ್‌ಪ್ಲೇ, ಪ್ರಿಂಟ್. (ಪ್ರಿಂಟ್ ಕಂಡೊಡನೆ ‘ಮುದ್ರಿಸು’ ಎಂದು ಬರೆದು ಓದುಗರನ್ನು ಪ್ರಿಂಟರ್ ಹುಡುಕಲು ಕಳುಹಿಸಬೇಡಿ.)

ಇಂಗ್ಲಿಷ್ ವಾಕ್ಯಕ್ಕೆ ತಕ್ಕ ಅನುವಾದವನ್ನು ಹುಡುಕಿ ಪರದೆಗೆ ತರುವ ಗೆಟ್‌ಟೆಕ್ಸ್ಟ್ ವ್ಯವಸ್ಥೆ ಅರ್ಥವನ್ನು ನೋಡುವುದಿಲ್ಲ. ಅದಕ್ಕೆ ಇಂಗ್ಲಿಷ್ ವಾಕ್ಯವೇ ಕೀಲಿ. ಕೊನೆಯಲ್ಲಿ ಪೂರ್ಣವಿರಾಮ ಒಂದು ಹೆಚ್ಚಾದರೂ ಅದು ಬೇರೆ ನಮೂದು. ಒಂದನ್ನು ನೀವು ಅನುವಾದಿಸಿರುತ್ತೀರಿ, ಇನ್ನೊಂದು ಕುಂದಾಪುರದಲ್ಲಿ ಕುಳಿತ ಮತ್ತೊಬ್ಬರ ಪಾಲಿಗೆ ಹೋಗಿರುತ್ತದೆ. ಪರದೆಯಲ್ಲಿ ಮೇಲೆ ‘ತೋರಿಸು’, ಕೆಳಗೆ ‘ಪ್ರದರ್ಶಿಸಿ’, ಅದರಡಿ ‘ನೀಡುತ್ತದೆ’.

ಹಾಗಾಗಿ ಕ್ರಿಯಾಪದದ ರೂಪವನ್ನು ಮೊದಲೇ ನಿಗದಿ ಮಾಡಿ. ನಾನು ‘ತೋರಿಸು’ ಪಕ್ಷ. ಆಜ್ಞೆ ಕೊಡುವವರು ಬಳಕೆದಾರರು, ಯಂತ್ರಕ್ಕೇಕೆ ಬಹುವಚನ? ಇಂಗ್ಲಿಷ್‌ನವರ ಅಡ್ಡಾದಿಡ್ಡಿಯನ್ನು ಕನ್ನಡಕ್ಕೂ ಇಳಿಸಬೇಕಾಗಿಲ್ಲ. ಆದರೆ ಒಂದುಗೂಡಿಸುವ ಮೊದಲು ಆಯ್ಕೆಯನ್ನು ಚಲಾಯಿಸಿ ನೋಡಿ. ಹಾಡು ಕೇಳಿಸುವ ತಂತ್ರಾಂಶದಲ್ಲಿ ‘ರಿಮೂವ್’ ಹಾಡನ್ನು ಪಟ್ಟಿಯಿಂದ ಮಾತ್ರ ತೆಗೆದು, ‘ಡಿಲೀಟ್’ ಕಡತವನ್ನೇ ಅಳಿಸಬಹುದು. ಎರಡಕ್ಕೂ ‘ಅಳಿಸು’ ಎಂದರೆ ಯಾರದೋ ಹಾಡು ಹೋದಂತೆಯೇ.

ಮೂಲವನ್ನೇ ತಿದ್ದಿಸಬೇಕೆಂದು ದೋಷವರದಿ ಬರೆಯುವ ಉತ್ಸಾಹ ಬಂದರೆ ಸ್ವಲ್ಪ ತಾಳಿ. ಇಂಗ್ಲಿಷ್‌ನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಎಲ್ಲ ಭಾಷೆಗಳ ಆ ಅನುವಾದಕ್ಕೆ ‘ಫಜಿ’ (ಮತ್ತೆ ಪರಿಶೀಲಿಸಬೇಕು) ಎಂಬ ಗುರುತು ಬೀಳಬಹುದು. ಹಾಗೆ ಗುರುತಾದದ್ದನ್ನು ಪಿಒ ಕಡತದಿಂದ ತಂತ್ರಾಂಶ ಓದುವ ಅಂತಿಮ ಕಡತ ತಯಾರಿಸುವ ಎಂಎಸ್‌ಜಿಎಫ್‌ಎಂಟಿ ಎಂಬ ಆಜ್ಞೆ ಸಾಮಾನ್ಯವಾಗಿ ಅದಕ್ಕೆ ಸೇರಿಸುವುದಿಲ್ಲ. ನಿನ್ನೆಯವರೆಗೆ ಕನ್ನಡವಿದ್ದಲ್ಲಿ ಇಂದು ಇಂಗ್ಲಿಷ್! ಆದ್ದರಿಂದ ತಿದ್ದುಪಡಿಗಳನ್ನೆಲ್ಲ ಕೂಡಿಸಿ ಒಂದೇ ವರದಿಯಲ್ಲಿ, ಹೊಸ ಆವೃತ್ತಿ ಬಿಡುಗಡೆಯಾದ ಬೆನ್ನಿಗೇ ಕಳುಹಿಸಿ. ಮುಂದಿನ ಆವೃತ್ತಿಯವರೆಗೆ ಅನುವಾದಕರಿಗೆ ಸಮಯ ಸಿಗುತ್ತದೆ. ಬದಲಾದದ್ದು ವಿರಾಮಚಿಹ್ನೆ ಮಾತ್ರವಾದರೆ, ಫಜಿ ಗುರುತು ಬೀಳದಂತೆ ಎಲ್ಲ ಪಿಒ ಕಡತಗಳ ಮೂಲವಾಕ್ಯವನ್ನೂ ಜೊತೆಗೇ ತಿದ್ದುವಂತೆ ಅಭಿವೃದ್ಧಿಕಾರರನ್ನು ಅದೇ ವರದಿಯಲ್ಲಿ ಕೇಳಿಕೊಳ್ಳಿ.