ಕೆಂಚನ ಇನ್ಸುಲಿನ್ ನಿಂತಿದ್ದು ಹೇಗೆ: ನನ್ನ ಅನುಭವ

ನಮ್ಮ ಬೆಕ್ಕು ಕೆಂಚನಿಗೆ ಇನ್ಸುಲಿನ್ ನಿಲ್ಲಿಸಿ ಆರೇಳು ತಿಂಗಳಾಯ್ತು. ಮೊನ್ನೆ ಬೆಳಿಗ್ಗೆ ಕಿವಿ ಚುಚ್ಚಿ ಶುಗರ್ ನೋಡಿದ್ರೆ 84, ನಾರ್ಮಲ್. "ಬೆಕ್ಕಿಗೆ ಶುಗರ್ ಬಂದ್ರೆ ಮುಗೀತು, ಇರೋವರೆಗೂ ಇಂಜೆಕ್ಷನ್ನೇ" ಅಂದವರಲ್ಲಿ ಡಾಕ್ಟರೊಬ್ಬರು, ನಮ್ಮೆಜಮಾನರು, ಪಕ್ಕದ ಮನೆ ಮೇಷ್ಟ್ರು ಎಲ್ಲ ಇದ್ರು. ಈಗ ಯಾರೂ ಮಾತಾಡ್ತಿಲ್ಲ, ಅದಕ್ಕೇ ನಾನು ಬರೀತಿದ್ದೀನಿ. ಸೂಜಿ ಹಿಡಿಯೋದು, ಸ್ಟ್ರಿಪ್ ಹಾಕೋದು ಇಲ್ಲಿ ಹೇಳಲ್ಲ, ಶುಗರ್ ಬೆಕ್ಕು ಸಾಕಿದೋರಿಗೆ ಅದೆಲ್ಲ ಗೊತ್ತಿರೋದೇ.

ಕೆಂಚ ಆಪರೇಷನ್ ಆದ ಗಂಡು, ವಯಸ್ಸು ಹನ್ನೊಂದರ ಹತ್ತಿರ. 6 ಕೆಜಿ ದಾಟಿದ್ದವನು 4 ಚಿಲ್ಲರೆಗೆ ಇಳಿದಿದ್ದ. ದಿನಕ್ಕೆ ಅರ್ಧ ಲೀಟರ್ ಹತ್ತಿರ ನೀರು ಕುಡೀತಿದ್ದ. ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ ನಡೀತಿದ್ದ, ಕಟ್ಟೆ ಹತ್ತೋಕೂ ಆಗ್ತಿರಲಿಲ್ಲ. ನಮ್ಮತ್ತೆ ನೋಡಿ, "ಅಲ್ಲ ಕಣೇ, ನನ್ನ ಕಾಯಿಲೆ ಈ ಬೆಕ್ಕಿಗೆ ಯಾವಾಗ ಅಂಟಿಸಿದೆ?" ಅಂದ್ರು.

ಮೊದಲ ಎರಡು ತಿಂಗಳು ಬರೀ ದುಡ್ಡು ಸುರಿದಿದ್ದೇ ಆಯ್ತು. ವಾರಕ್ಕೊಂದು ಸಲ ಬುಟ್ಟಿಗೆ ತುರುಕಿ, ಆಟೋದಲ್ಲಿ ಕ್ಲಿನಿಕ್ಕಿಗೆ ಹೋಗಿ, ಅಲ್ಲಿ ಬೊಗಳೋ ನಾಯಿಗಳ ಮಧ್ಯೆ ಕೂತು, ಒಂದೇ ಒಂದು ಸಲ ರಕ್ತ ತೆಗೆಸೋದು. ಹೋಗಿ ಬಂದ್ರೆ 1,200 ಖರ್ಚು. ಪ್ರತಿ ಸಲವೂ 400ರ ಮೇಲೆ. ಡೋಸ್ 1 ಯೂನಿಟ್ ಇದ್ದದ್ದು 2 ಆಯ್ತು, ಆಮೇಲೆ "4 ಹಾಕಿ" ಅಂದ್ರು. ನನಗೆ ಅನುಮಾನ ಬಂತು. ಅತ್ತೆಯ ಗ್ಲುಕೋಮೀಟರನ್ನೇ ಒಂದು ಶನಿವಾರ ಚೀಲದಲ್ಲಿ ಹಾಕ್ಕೊಂಡು ಹೋದೆ. ಕ್ಲಿನಿಕ್ಕಲ್ಲಿ ಬೆಳಿಗ್ಗೆ 11ಕ್ಕೆ 412. ಭಾನುವಾರ ಮನೇಲಿ ಅದೇ ಹೊತ್ತು, ಅದೇ ಮೀಟರ್, ಅದೇ ಡೋಸ್: 190. ಹೆದರಿದ ಬೆಕ್ಕಿಗೆ ಶುಗರ್ ಗಂಟೆಯೊಳಗೆ ನೂರಿನ್ನೂರು ಏರುತ್ತೆ. ಆ 412 ನಂಬಿ 4 ಯೂನಿಟ್ ಹಾಕಿದ್ದಿದ್ರೆ ಕೆಂಚ ಉಳೀತಿರಲಿಲ್ಲ ಅಂತ ಈಗಲೂ ಅನ್ಸುತ್ತೆ. ಅಲ್ಲಿಗೆ ಹೋಗೋದು ಬಿಟ್ಟು, ಫೋನಲ್ಲಿ ಚಾರ್ಟ್ ನೋಡಿ ಮಾತಾಡೋ ಇನ್ನೊಬ್ಬ ಡಾಕ್ಟರನ್ನ ಹಿಡಿದೆ.

ಆಮೇಲಿಂದ ಎಲ್ಲ ಲೆಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಖಾನೆಗಳಲ್ಲಿ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇಂಜೆಕ್ಷನ್ನಿಗೆ ಮುಂಚೆ ಒಂದೊಂದು ರೀಡಿಂಗ್, ಮಧ್ಯಾಹ್ನ ಒಂದು. ತಿಂಗಳಿಗೊಂದು ಭಾನುವಾರ ಎರಡೆರಡು ಗಂಟೆಗೆ ಚುಚ್ಚಿ ಪೂರ್ತಿ ಕರ್ವ್, ಅಂದ್ರೆ ದಿನವಿಡೀ ಶುಗರಿನ ಏರಿಳಿತ. ಮೊದಲ ಕರ್ವ್ ನೆನಪಿದೆ: 340, 290, 180, ಒಂದು ಗಂಟೆಗೆ 95, ಆಮೇಲೆ 130, 240, ಸಂಜೆ ಏಳಕ್ಕೆ 360. ಬೆಳಿಗ್ಗೆ ಸಂಜೆ ಮಾತ್ರ ನೋಡೋರಿಗೆ ಈ 95 ಕಾಣೋದೇ ಇಲ್ಲ. ಅವರು ಡೋಸ್ ಏರಿಸ್ತಾ ಹೋಗ್ತಾರೆ, ಬೆಕ್ಕು ಮಧ್ಯಾಹ್ನ ಕುಸೀತಾ ಹೋಗುತ್ತೆ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತೆ ಅಂತ ವಾದ ಮಾಡೋರಿದ್ದಾರೆ. ತೋರಿಸಲಿ ಬಿಡಿ. ಒಂದೇ ಮೀಟರಿಗೆ ಅಂಟಿಕೊಂಡ್ರೆ ಏರುತ್ತೋ ಇಳಿಯುತ್ತೋ ಗೊತ್ತಾಗುತ್ತೆ, ನನಗೆ ಅಷ್ಟು ಸಾಕಾಗಿತ್ತು.

ಕಿವಿಯಲ್ಲಿ ರಕ್ತ ಬರೋದಿಲ್ಲ ಅಂತ ಅರ್ಧಕ್ಕೇ ಬಿಡೋರು ಬಹಳ. ಹಳೇ ಕಾಲುಚೀಲದಲ್ಲಿ ಒಂದು ಹಿಡಿ ಅಕ್ಕಿ ಹಾಕಿ, ತವೆ ಮೇಲೆ ಬೆಚ್ಚಗೆ ಮಾಡಿ, ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ, ಆಮೇಲೆ ಕಿವಿಗೆ ಹಿಡೀರಿ. ಅಂಚಿಗೆ ವ್ಯಾಸಲಿನ್ ತೆಳ್ಳಗೆ ಸವರಿದ್ರೆ ರಕ್ತ ಕೂದಲಲ್ಲಿ ಹರಡದೆ ಮಣಿಯಾಗಿ ನಿಲ್ಲುತ್ತೆ. ಕಿವಿಯ ಹಿಂದೆ ಹತ್ತಿ ಇಟ್ಟು ಚುಚ್ಚಿದ್ರೆ ನಿಮ್ಮ ಬೆರಳು ಬಚಾವ್. ಕೆಂಚ ಈಗ ಡಬ್ಬಿಯ ಸದ್ದಿಗೇ ಬಂದು ಕೂರ್ತಾನೆ. ಚುಚ್ಚಿದ ಮೇಲೆ ಅವನಿಗೆ ಏನು ಕೊಡ್ತೀನಿ ಅನ್ನೋದನ್ನ ಮಾತ್ರ ಯಾರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಸಿರಿಂಜಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಅತ್ತೆಯದು 40ರ ಇನ್ಸುಲಿನ್ (ಒಂದು ಎಂಎಲ್‌ನಲ್ಲಿ 40 ಯೂನಿಟ್), ಕೆಂಪು ಮುಚ್ಚಳದ ಸಿರಿಂಜ್. ಕೆಂಚನದು 100ರ ಗ್ಲಾರ್ಜಿನ್ ಅನ್ನೋ ಇನ್ಸುಲಿನ್, ಕಿತ್ತಳೆ ಮುಚ್ಚಳ. ಮೆಡಿಕಲ್ ಶಾಪಿನ ಹುಡುಗ "ಎಲ್ಲ ಒಂದೇ ಮೇಡಂ" ಅಂತ ಕೆಂಪಿನದೇ ಕೊಟ್ಟ. ವಾಪಸ್ ಕೊಟ್ಟು ಬಂದೆ. ಕೆಂಪಿನದರಲ್ಲಿ 100ರ ಇನ್ಸುಲಿನ್ ಒಂದು ಯೂನಿಟ್ ಗೆರೆವರೆಗೆ ಎಳೆದ್ರೆ ಬೆಕ್ಕಿನ ಮೈಗೆ ಹೋಗೋದು ಎರಡೂವರೆ ಯೂನಿಟ್. ಅರ್ಧ ಯೂನಿಟ್ ಗೆರೆ ಇರೋ 0.3 ಎಂಎಲ್ ಸಿರಿಂಜ್ ಇಲ್ಲಿ ಅಂಗಡಿಗಳಲ್ಲಿ ಸಿಗಲಿಲ್ಲ, ತರಿಸ್ಕೊಂಡೆ, ಒಂದಕ್ಕೆ 20 ರೂಪಾಯಿ ಆಸುಪಾಸು ಬಿತ್ತು. ಫ್ರಿಜ್ಜಲ್ಲೂ ಅತ್ತೆಯದು ಬಾಗಿಲಲ್ಲಿ, ಕೆಂಚನದು ಕೆಳಗೆ ತರಕಾರಿ ಡಬ್ಬದ ಮೇಲೆ. ಕಾಲು ಯೂನಿಟ್ ಅಳೆಯೋ ನನ್ನ ಉಪಾಯ ಬರೆದು ಕಲಿಸೋ ಅಂಥದ್ದಲ್ಲ, ಮನೆಗೆ ಬಂದ್ರೆ ತೋರಿಸ್ತೀನಿ.

ಇಷ್ಟಾದ್ರೂ ಶುಗರ್ 250ರಿಂದ ಕೆಳಗೆ ನಿಲ್ತಿರಲಿಲ್ಲ. ಅದನ್ನ ಬಗ್ಗಿಸಿದ್ದು ಊಟ. ಅಲ್ಲಿವರೆಗೂ ಅವನಿಗೆ ಹಾಲನ್ನ, ಜೊತೆಗೆ ಬೆಕ್ಕಿಗೆಂದೇ ಪ್ಯಾಕೆಟ್ಟಲ್ಲಿ ಬರೋ ಒಣ ಕಾಳಿನ ತಿಂಡಿ. ಆ ಕಾಳಲ್ಲಿ ಮೂರನೇ ಒಂದು ಭಾಗ ಪಿಷ್ಟವೇ. ಗ್ರೇವಿ ಪೌಚ್ ತಂದೆ, ಅದರ ಗ್ರೇವಿಯಲ್ಲೂ ಪಿಷ್ಟ. ಕೊನೆಗೆ ಮನೇಲೇ ಕೋಳಿ. ನಮ್ಮದು ಮಾಂಸ ಬೇಯಿಸೋ ಮನೆಯಲ್ಲ. ಹಿತ್ತಲಲ್ಲಿ ಹಳೇ ಸೀಮೆಎಣ್ಣೆ ಸ್ಟೌ, ಬೇರೆ ಪಾತ್ರೆ, ಬೇರೆ ಚಾಕು. ದಿನಕ್ಕೆ ಸುಮಾರು 200 ಗ್ರಾಂ: ಮೂಳೆ ಇಲ್ಲದ ಮಾಂಸ, ಹೃದಯ ಒಂದಷ್ಟು, ಲಿವರ್ ತುಂಬಾ ಸ್ವಲ್ಪ, ಮೊಟ್ಟೆ ಚಿಪ್ಪಿನ ಪುಡಿ, ಮೇಲೆ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಅನ್ನೋ ಪೋಷಕಾಂಶ. ಟಾರಿನ್ ಮರೆತ್ರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತೆ, ಅದರಲ್ಲಿ ಉಳಿತಾಯ ಬೇಡ. ಅಳತೆಯನ್ನ ನಿಮ್ಮ ಡಾಕ್ಟರ ಹತ್ರ ಕೂತೇ ಹಾಕಿಸಿ. ತಿಂಗಳಿಗೆ ಎಲ್ಲ ಸೇರಿ 2,500ರೊಳಗೆ. ಕ್ಲಿನಿಕ್ ಓಡಾಟಕ್ಕೆ ಅದರ ಎರಡರಷ್ಟು ಹೋಗ್ತಿತ್ತು.

ಊಟ ಬದಲಾಯಿಸಿದ ವಾರ ಮೀಟರ್ ಕೈಲೇ ಇರಬೇಕು, ಇದನ್ನ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ನಾಲ್ಕೈದು ದಿನದಲ್ಲೇ ಒಂದು ಮಧ್ಯಾಹ್ನ 46. ಕೆಂಚ ಮಾತ್ರ ಆರಾಮಾಗಿ ಮೈ ನೆಕ್ಕೊಳ್ತಾ ಕೂತಿದ್ದ, ನಡುಕ ಇಲ್ಲ, ತೂಕಡಿಕೆ ಇಲ್ಲ. ವಸಡಿಗೆ ಜೇನು ಸವರಿ, ಊಟ ಕೊಟ್ಟು, ಕಾಲು ಗಂಟೆಗೊಮ್ಮೆ ಚುಚ್ಚಿ, 90 ದಾಟಿದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಸಂಜೆ ಇಂಜೆಕ್ಷನ್ ಬೇಡ ಅಂದ್ರು. ಅವತ್ತಿಂದ 2 ಇದ್ದದ್ದು 1, ಆಮೇಲೆ ಅರ್ಧ, ಆಮೇಲೆ ಕಾಲು. ಸುಮಾರು ನಾಲ್ಕು ತಿಂಗಳಿಗೆ ಸೊನ್ನೆ. ಹಿಮ್ಮಡಿಯೂ ನೆಲ ಬಿಟ್ಟು ಎದ್ದಿದೆ. ಹಿಂದಿನ ಎರಡು ಮೂರು ವಾರದ ಸರಾಸರಿ ಶುಗರ್ ತೋರಿಸೋ ಫ್ರಕ್ಟೋಸಮೈನ್ ರಿಪೋರ್ಟ್ ನಾರ್ಮಲ್ ಬಂದಾಗ ಡಾಕ್ಟರು ಅದು ಬೇರೆ ಬೆಕ್ಕಿನದೇನೋ ಅಂತ ಹೆಸರು ತಿರುಗಿಸಿ ನೋಡಿದ್ರು.

ಮಧ್ಯೆ ಅಡ್ಡದಾರಿಗಳೂ ಇದ್ವು. ಅತ್ತೆಯ ಒತ್ತಾಯಕ್ಕೆ ಮೆಂತ್ಯದ ಪುಡಿ ಕೋಳಿಗೆ ಬೆರೆಸಿದೆ, ತಟ್ಟೆ ಹಾಗೇ ಉಳೀತು. ಹಾಗಲಕಾಯಿ ರಸಕ್ಕಂತೂ ಮುಖ ತಿರುಗಿಸಿ ಹೊರಟೇಹೋದ. ಹೆಗಲ ಹತ್ತಿರ ಬೋಳಿಸಿ, ಚುಚ್ಚದೇ ಶುಗರ್ ತೋರಿಸ್ತಾ ಇರೋ ಹದಿನಾಲ್ಕು ದಿನದ ಸೆನ್ಸರ್ ಅಂಟಿಸಿದೆ, 5,000 ಹತ್ತಿರ ಕೊಟ್ಟಿದ್ದೆ. ಐದಾರು ದಿನಕ್ಕೆ ಬಾಗಿಲ ಚೌಕಟ್ಟಿಗೆ ಉಜ್ಜಿ ಕಿತ್ತ. ಆದ್ರೂ ಆ ಐದಾರು ದಿನ ರಾತ್ರಿ ಮೂರರ ಶುಗರ್ ಕೂಡ ಕಂಡಿತು, ದುಡ್ಡು ಪೂರ್ತಿ ದಂಡ ಅನ್ನಲಾರೆ. ಬಿಟ್ಟಿ ಉಪಾಯ ಅಂದ್ರೆ ಮರಳಿನ ತಟ್ಟೆ: ಉಚ್ಚೆಯ ಉಂಡೆಗಳನ್ನ ಅಡುಗೆಮನೆ ತೂಕದಲ್ಲಿ ತೂಗ್ತಿದ್ದೆ. ತಕ್ಕಡಿ ಈಗ ಅಡುಗೆಗೆ ಬಳಸ್ತಿಲ್ಲ, ಗಾಬರಿ ಬೇಡ. ಶುಗರ್ ಏರೋ ವಾರ ಉಂಡೆ ದಪ್ಪ ಆಗ್ತಿದ್ವು.

ಈಗ ವಾರಕ್ಕೊಂದು ಸಲ ಮಾತ್ರ ಚುಚ್ಚೋದು. ಮುಂದಿನ ತಿಂಗಳು ಹಲ್ಲು ಕ್ಲೀನ್ ಮಾಡಿಸಬೇಕು, ವಸಡು ಕೆಂಪಾಗಿದೆ, ಬಾಯಲ್ಲಿ ಸೋಂಕಿದ್ರೆ ಶುಗರ್ ಮತ್ತೆ ಏರಬಹುದು. ಸ್ಟಿರಾಯ್ಡೂ ಶುಗರ್ ಏರಿಸುತ್ತೆ, ಹಾಗಾಗಿ ಊತಕ್ಕೆ ಅಂತ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಬೇಡಿ ಅಂತ ಅವನ ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಬರೆಸಿಟ್ಟಿದ್ದೀನಿ.